ಹೆರಿಗೆ ಗಾಡಿಯ ಲೀಟರ್ ಪರೀಕ್ಷೆ

೧೯೮೬ರ ಏಪ್ರಿಲ್‌ನಲ್ಲಿ ಯಲಹಂಕದ ನಮ್ಮ ಮನೆಗೆ ಬಂದ ಆ ಕಾಗದವನ್ನು ನಾನು ಮೂರು ಸಲ ಗಟ್ಟಿಯಾಗಿ ಓದಿದೆ. ಮೊದಲ ಸಲ ನನಗಾಗಿ, ಎರಡನೆಯ ಸಲ ಆಪಾಗಾಗಿ, ಮೂರನೆಯ ಸಲ ಕಾಂಪೌಂಡಿನ ಆಚೆ ಕಿವಿಗೊಟ್ಟು ನಿಂತಿದ್ದ ಪಕ್ಕದ ಮನೆ ರತ್ನಕ್ಕನಿಗಾಗಿ. ಮೂರು ವರ್ಷದ ಹಿಂದೆ ಬುಕ್ ಮಾಡಿದ್ದ ಮಾರುತಿ ಕಾರಿಗೆ ನಮ್ಮ ಸರದಿ ಬಂದಿತ್ತು. ಹದಿನೈದು ದಿನದೊಳಗೆ ಬಾಕಿ ಹಣ ಕಟ್ಟಬೇಕು, ಇಲ್ಲದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ. ನನಗೆ ಕುಣಿಯಬೇಕೆನ್ನಿಸಿತು. ಸ್ಕೂಲ್ ಟೀಚರ್ ಅಂಗಳದಲ್ಲಿ ಕುಣಿದರೆ ಚೆನ್ನಾಗಿರುವುದಿಲ್ಲವೆಂದು ಅಡುಗೆಮನೆಗೆ ಹೋಗಿ ಕುಣಿದೆ.

ಆಪಾ ಮಾತ್ರ ಕಾಗದವನ್ನು ಮಡಿಸಿ ಗೋಡೆಯ ಗೂಡಿನಲ್ಲಿಟ್ಟು, "ನೋಡೋಣ" ಎಂದಳು. ನನ್ನ ಉತ್ಸಾಹಕ್ಕೆ ತಣ್ಣೀರೆರಚುವುದರಲ್ಲಿ ಅವಳು ಎತ್ತಿದ ಕೈ.

ಆಪಾ ಎಂದರೆ ನನ್ನ ಅಕ್ಕ ಜೈನಾಬ್. ಮನೆಯಲ್ಲಿ ನಾವಾಡುವುದು ದಖ್ಖನಿ. ಕನ್ನಡ ನನ್ನ ಅನ್ನದ ಭಾಷೆ, ಆದ್ದರಿಂದ ಅವಳ ಮಾತನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಮ್ಮ ಅಬ್ಬಾ ಟ್ಯಾಕ್ಸಿ ಓಡಿಸುತ್ತಿದ್ದರು. ಗಂಡುಮಕ್ಕಳಿರಲಿಲ್ಲ, ಹಾಗಾಗಿ ಹಿರಿಮಗಳಿಗೇ ಡ್ರೈವಿಂಗ್ ಕಲಿಸಿದರು. ನನಗೂ ಕಲಿಸಲು ನೋಡಿದರು. ಆ ಸ್ಟಿಯರಿಂಗ್ ತಿರುಗಿಸುವುದೆಂದರೆ ರುಬ್ಬುಗುಂಡು ತಿರುಗಿಸಿದ ಹಾಗೆ. ಮೂರನೆಯ ದಿನ ನಾನು ಮೆಕ್ಯಾನಿಕ್ ವಾಜಿದ್‌ನ ಆಯಿಲ್ ಡ್ರಮ್ಮಿಗೆ ಗುದ್ದಿದೆ, ಅಲ್ಲಿಗೆ ಪಾಠ ಮುಗಿಯಿತು.

ಆಪಾ ಮದುವೆಯಾದ ಎರಡನೇ ವರ್ಷವೇ ಗಂಡನನ್ನು ಕಳೆದುಕೊಂಡು ಮನೆಗೆ ಬಂದಳು. ಅತ್ತುಕೊಂಡು ಕೂರಲಿಲ್ಲ, ಹೆರಿಗೆ ಮಾಡಿಸುವ ತರಬೇತಿ ಪಡೆದಳು. ಅಬ್ಬಾ ತೀರಿಕೊಂಡ ಮೇಲೆ ಅವರ ೧೯೫೯ರ ಅಂಬಾಸಿಡರ್ ಅವಳದಾಯಿತು. ೧೯೭೧ರಿಂದ ಪುಟ್ಟೇನಹಳ್ಳಿ, ಅಲ್ಲಾಳಸಂದ್ರ, ಯಲಹಂಕದ ಬೀದಿಗಳಲ್ಲಿ ಬಿಳಿ ಸೀರೆ ಉಟ್ಟ ಹೆಂಗಸೊಬ್ಬಳು ಹಸಿರು ಕಾರು ಓಡಿಸಿಕೊಂಡು ಹೋಗುವುದನ್ನು ಜನ ನೋಡಿದರು. ಸಲೀಸಾದ ಹೆರಿಗೆಯನ್ನು ಅವಳು ಮನೆಯಲ್ಲೇ ಮಾಡಿಸುತ್ತಿದ್ದಳು. ಕಷ್ಟವೆನ್ನಿಸಿದರೆ ಬಸುರಿಯನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಪಟ್ಟಣದ ದೊಡ್ಡಾಸ್ಪತ್ರೆಗೆ ಒಂದೇ ಉಸಿರಿಗೆ ಓಡಿಸುತ್ತಿದ್ದಳು. ಹದಿನೈದು ವರ್ಷದಲ್ಲಿ ಆ ಕಾರಿನಲ್ಲಿ ಹೋದ ಒಬ್ಬ ಹೆಂಗಸೂ ತೀರಿಕೊಂಡಿರಲಿಲ್ಲ.

ಇದರಿಂದ ಆದದ್ದೇನು? ಜನ ಕಾರಿನ ಕೈಗುಣ ದೊಡ್ಡದು ಎಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಾಗಿಲಿಗೆ ಬಂದವರು "ಜೈನಾಬಮ್ಮ ಇದ್ದಾರಾ?" ಎಂದು ಕೇಳುತ್ತಿರಲಿಲ್ಲ, "ಗಾಡಿ ಕಳ್ಸಿ" ಎನ್ನುತ್ತಿದ್ದರು. ಬಾಣಂತಿ ವಾಪಸ್ಸು ಬಂದಾಗ ಬಾನೆಟ್ಟಿಗೆ ಕುಂಕುಮ, ಆಪಾಗೆ ಎರಡು ಬಾಳೆಹಣ್ಣು. ಅದಕ್ಕೆ ಹೆರಿಗೆ ಗಾಡಿ ಎಂದೇ ಹೆಸರಾಗಿತ್ತು.

ಆ ಗಾಡಿಗೆ ವಯಸ್ಸಾಗಿತ್ತು, ಪೆಟ್ರೋಲನ್ನು ಗಟಗಟ ಕುಡಿಯುತ್ತಿತ್ತು. ಜನವರಿಯಲ್ಲಿ ಒಂದು ಬೆಳಿಗ್ಗೆ ಪುಟ್ಟೇನಹಳ್ಳಿಯ ಹೆಂಗಸನ್ನು ಕರೆದೊಯ್ಯುವಾಗ ಹೆಬ್ಬಾಳದ ಕೆರೆ ಏರಿಯ ಮೇಲೆ ಪೆಟ್ರೋಲ್ ಖಾಲಿಯಾಯಿತು. ಮಗು ಅಲ್ಲೇ, ಲಾರಿಗಳ ಹಾರ್ನಿನ ನಡುವೆ ಹುಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಜನ ಅದನ್ನೂ ಕಾರಿನ ಪವಾಡಕ್ಕೇ ಸೇರಿಸಿಬಿಟ್ಟರು. ಆಪಾ ಮಾತ್ರ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಹೀಗಿರುವಾಗ ಯೋಚನೆ ಮಾಡುವುದಕ್ಕೆ ಏನಿದೆ ಎಂದು ನಾನು ಅವಳ ಹಿಂದೆ ಬಿದ್ದೆ. ಅಬ್ಬಾನ ಸೈಟು ಮಾರಿದ ದುಡ್ಡಿತ್ತು. ಹಳೆಯದನ್ನು ಕೊಳ್ಳಲು ಅಲ್ಲಾಳಸಂದ್ರದ ಲಕ್ಕಣ್ಣ ಕಾದಿದ್ದ. ಅವನ ದ್ರಾಕ್ಷಿ ತೋಟಕ್ಕೆ ಗಾಡಿ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಅವನ ತಾಯಿ ದೊಡ್ಡಮುನಿಯಮ್ಮನಿಗೆ ಆ ಕೈಗುಣದ ಗಾಡಿ ತಮ್ಮ ಅಂಗಳದಲ್ಲಿ ನಿಲ್ಲಬೇಕಿತ್ತು. ಎರಡು ಕಾರು ಸಾಕುವ ಶಕ್ತಿ ನಮಗಿರಲಿಲ್ಲ.

"ಹೊಸ ಕಾರಲ್ಲಿ ಬಸುರಿ ಮಲಗೋದೆಲ್ಲಿ?" ಎಂದಳು ಆಪಾ. "ಅದಿರಲಿ, ಅವರು ಹತ್ತುತ್ತಾರಾ? ಅವರು ನಂಬಿರೋದು ನನ್ನನ್ನಲ್ಲ ಮುಸರ್ರತ್, ಆ ಗಾಡೀನ. ಹೊಸದು ಬೇಡ ಅಂತ ಒಬ್ಬಳು ಮನೆಯಲ್ಲೇ ಉಳಿದು ಏನಾದ್ರೂ ಆದ್ರೆ?"

ಅವಳ ಭಯ ಸುಳ್ಳಲ್ಲ.

ವಾಜಿದ್‌ಗೆ ವಿಷಯ ತಿಳಿದದ್ದೇ ತಡ, ಜಗಳಕ್ಕೆ ಬಂದ. ಆ ಅಂಬಾಸಿಡರಿನ ಒಂದೊಂದು ನಟ್ಟೂ ಅವನ ಕೈಯಲ್ಲಿ ಪಳಗಿದ್ದು. "ಗಾಡಿ ಕುಡಿಯುತ್ತೆ ಅಂತ ಸುಮ್ನೆ ಹೇಳ್ಬೇಡಿ ಟೀಚರಮ್ಮ. ನಾನು ಇಂಜಿನ್ ಕೆಲಸ ಮಾಡಿದ್ದೀನಿ. ಭಾನುವಾರ ಬಾಟ್ಲಿ ಕಟ್ಟಿ ತೋರಿಸ್ತೀನಿ. ಲೀಟರಿಗೆ ಹತ್ತು ಕೊಡ್ಲಿಲ್ಲ ಅಂದ್ರೆ ಕೇಳಿ."

ಬಾಟ್ಲಿ ಕಟ್ಟುವುದು ಮೆಕ್ಯಾನಿಕ್‌ಗಳ ಪರೀಕ್ಷೆ. ಟ್ಯಾಂಕಿನಿಂದ ಬರುವ ಪೈಪು ಬಿಚ್ಚಿ, ಅಳೆದು ಒಂದು ಲೀಟರ್ ಪೆಟ್ರೋಲ್ ತುಂಬಿದ ಬಾಟ್ಲಿಯನ್ನು ಬಾನೆಟ್ಟಿನೊಳಗೆ ತೂಗುಹಾಕಿ ಅದರಿಂದ ಇಂಜಿನ್ನಿಗೆ ಕೊಡುತ್ತಾರೆ. ಬಾಟ್ಲಿ ಖಾಲಿಯಾದಲ್ಲಿ ಗಾಡಿ ನಿಲ್ಲುತ್ತದೆ. ಅಲ್ಲಿಗೆ ಎಷ್ಟು ಕಿಲೋಮೀಟರ್ ಆಯಿತೋ ಅದೇ ಲೆಕ್ಕ.

ಗಾಡಿ ನಿಂತಲ್ಲಿಂದ ನಮ್ಮನ್ನು ವಾಪಸ್ಸು ಕರೆತರಲು ಆರ್.ಟಿ. ನಗರದ ನಮ್ಮ ಚಿಕ್ಕಪ್ಪನ ಮಗ ಮೊಹಮ್ಮದ್‌ನಿಗೆ ಹೇಳಿದೆ. ಅವನಲ್ಲಿ ಹೊಸ ಕೆಂಪು ಮಾರುತಿ ಇತ್ತು. ನನ್ನ ಹಂಚಿಕೆ ಬೇರೆ: ಆಪಾ ಒಮ್ಮೆ ಆ ಕಾರನ್ನು ಕಣ್ಣಾರೆ ನೋಡಲಿ. ಅವಳು ನೋಡಿದಳು. ನೋಡಿದ್ದಷ್ಟೇ ಅಲ್ಲ, ವಾಜಿದ್‌ನ ಶೆಡ್ಡಿನ ಮುಂದೆ ಅಷ್ಟು ಜನರೆದುರು ನನ್ನನ್ನೇ ಹಿಂದಿನ ಸೀಟಿನಲ್ಲಿ ಮಲಗಿಸಿದಳು. ನನ್ನ ಕಾಲು ಕಿಟಕಿಯಿಂದ ಆಚೆ ಬಂತು. "ನೋಡಿದೆಯಾ?" ಎಂದಳು. ವಾಜಿದ್ ಹಲ್ಲು ಬಿಟ್ಟ.

ಬಾಟ್ಲಿ ಕಟ್ಟಿಯಾಯಿತು. ಭಾನುವಾರದ ಸಂತೆಗೆ ಬಂದಂತೆ ಜನ ಸೇರಿದ್ದರು. ಕೊಡಿಗೇಹಳ್ಳಿಯಲ್ಲಿ ನಿಲ್ಲುತ್ತದೆ ಎಂದು ಕೆಲವರು, ಇಲ್ಲ, ಹೆಬ್ಬಾಳ ದಾಟುತ್ತದೆ ಎಂದು ಕೆಲವರು. ಆಪಾ ಇಂಜಿನ್ ಸ್ಟಾರ್ಟ್ ಮಾಡಿದಳು, ನಾನು ಪಕ್ಕದಲ್ಲಿ ಕೂತೆ. ಅಷ್ಟರಲ್ಲಿ ಲಕ್ಕಣ್ಣ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದ.

"ಅಮ್ಮೋ, ಗಾಡಿ ಬೇಕು. ಸೊಸೆಗೆ ನೋವು ಸುರುವಾಗದೆ. ಅವ್ವ ಯಾಕೋ ಎದ್ರಿಕೊಂಡವ್ಳೆ."

ಅಲ್ಲಿಂದಾಚೆಗೆ ಯಾರಿಗೂ ಬುದ್ಧಿ ನೆಟ್ಟಗಿರಲಿಲ್ಲ. ಆಪಾ ಅಲ್ಲಾಳಸಂದ್ರದ ಕಡೆ ಗಾಡಿ ಓಡಿಸಿದಳು. ಹಿಂದೆಯೇ ಮೊಹಮ್ಮದ್ ಬಂದ, ಪರೀಕ್ಷೆ ನಿಂತಿತು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಪಕ್ಕದಲ್ಲಿ ವಾಜಿದ್ ಚೀಟಿ ಪೆನ್ಸಿಲ್ ಹಿಡಿದು ಕೂತಿದ್ದ.

ಲಕ್ಕಣ್ಣನ ಸೊಸೆ ಸೊಣ್ಣಮ್ಮನಿಗೆ ಇದು ಚೊಚ್ಚಲು. ಆಪಾ ಒಳಗೆ ಹೋಗಿ ಕೈಯಿಟ್ಟು ನೋಡಿ ಎರಡೇ ನಿಮಿಷದಲ್ಲಿ ಹೊರಗೆ ಬಂದಳು. "ಮಗು ಅಡ್ಡ ತಿರುಗಿದೆ. ಇಲ್ಲಿ ಆಗಲ್ಲ. ನಡೀರಿ." ಅಂಗಳದಲ್ಲಿ ಹಸಿರು ಕಾರಿತ್ತು, ಅದರ ಹಿಂದೆ ಕೆಂಪು ಕಾರಿತ್ತು. ಹದಿನೈದು ವರ್ಷದ ಅಭ್ಯಾಸ. ಎಲ್ಲರೂ ಸೇರಿ ಸೊಣ್ಣಮ್ಮನನ್ನು ಹಸಿರು ಕಾರಿನಲ್ಲೇ ಮಲಗಿಸಿದೆವು. ಹೊಸ ಕಾರಿನ ವಕೀಲಿಕೆ ಮಾಡುತ್ತಿದ್ದ ನಾನೇ ಅವಳ ಕಾಲು ಎತ್ತಿ ಒಳಗಿಟ್ಟೆ. ದೊಡ್ಡಮುನಿಯಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಬಾಟ್ಲಿಯ ನೆನಪು ಒಂದು ನರಪಿಳ್ಳೆಗೂ ಬರಲಿಲ್ಲ.

ಬಳ್ಳಾರಿ ರಸ್ತೆಗೆ ಬಿದ್ದ ಮೇಲೆ ಹಿಂದಿನಿಂದ ಮೊಹಮ್ಮದ್ ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ. "ಬೇಗ ಹೋಗು ಅಂತಿದ್ದಾನೆ" ಎಂದು ಆಪಾ ಇನ್ನೂ ಜೋರಾಗಿ ಓಡಿಸಿದಳು. ಅವನು ಇನ್ನೂ ಹೊಡೆದ, ಇವಳು ಇನ್ನೂ ಓಡಿಸಿದಳು. ಕಿಟಕಿಯಿಂದ ಅರ್ಧ ಮೈ ಆಚೆ ಹಾಕಿ ವಾಜಿದ್ ಏನೋ ಕೈ ಬೀಸುತ್ತಿದ್ದ. ನಾನೂ ತಿರುಗಿ ಕೈ ಬೀಸಿದೆ. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಕೊಡಿಗೇಹಳ್ಳಿ ಇನ್ನೂ ಮುಂದಿರುವಾಗಲೇ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಟ್ಯಾಂಕಿನಲ್ಲಿ ಬೇಕಾದಷ್ಟು ಪೆಟ್ರೋಲಿತ್ತು. ಬಾಟ್ಲಿಯಲ್ಲಿ ಇರಲಿಲ್ಲ.

ವಾಜಿದ್ ಓಡಿ ಬಂದು ಬಾನೆಟ್ ಎತ್ತಿದ. "ಪೈಪಿನ ಕ್ಲಿಪ್ಪು ಶೆಡ್ಡಲ್ಲೇ ಇದೆ ಆಪಾ. ಹೆಂಗಾದ್ರೂ ಕಟ್ಟಿ ಕೊಡ್ತೀನಿ. ಹತ್ತು ನಿಮಿಷ."

"ಹತ್ತು ನಿಮಿಷ ನನ್ನ ಹತ್ರ ಇಲ್ಲ" ಎಂದಳು ಆಪಾ. ಕೆಂಪು ಕಾರನ್ನು ನೋಡಿದಳು. ಆಮೇಲೆ ಸೊಣ್ಣಮ್ಮನನ್ನು ನೋಡಿದಳು.

ದೊಡ್ಡಮುನಿಯಮ್ಮ ಮೊಮ್ಮಗನ ಹೆಂಡತಿಯನ್ನು ಗಟ್ಟಿಯಾಗಿ ಅಪ್ಪಿ ಹಿಡಿದರು. "ಆ ಡಬ್ಬೀಲಿ ಬ್ಯಾಡ. ನಮ್ಮನೆ ಮಕ್ಳೆಲ್ಲ ಈ ಗಾಡೀಲೇ ಬಂದವು. ರಿಪೇರಿ ಆಗೋಗಂಟ ಇಲ್ಲೇ ಇರ್ತೀವಿ. ಈ ಗಾಡಿ ಬುಟ್ಟು ಕದಲಾಕಿಲ್ಲ."

ಆಪಾ ಹೆದರಿದ್ದ ಮಾತು ಕೊನೆಗೂ ಬಂದಿತ್ತು, ಅದೂ ಬಳ್ಳಾರಿ ರಸ್ತೆಯ ನಡುವೆ. ಆ ಮುದುಕಿಯನ್ನು ಎಳೆದು ಹಾಕಲೇ ಎಂದುಕೊಂಡೆ. ಆಪಾ ಬಾಗಿಲ ಬಳಿ ಬಗ್ಗಿ, ಸೊಣ್ಣಮ್ಮನ ಕೈ ಹಿಡಿದು ಕೇಳಿದಳು: "ಹೇಳು ಮಗಳೇ, ಏನು ಮಾಡೋಣ?"

ಸೊಣ್ಣಮ್ಮ ಹಲ್ಲು ಕಚ್ಚಿ ಎದ್ದು ಕೂತಳು. "ಇವ್ರೆಲ್ಲಿ ಕೂತ್ಕೋತಾರೋ ನಾನೂ ಅಲ್ಲೇ" ಎಂದು ಆಪಾಳ ಕತ್ತಿಗೆ ಕೈ ಹಾಕಿದಳು.

ಮುದುಕಿ ಮುನಿಸಿಕೊಂಡು ಹಸಿರು ಕಾರಿನಲ್ಲೇ ಉಳಿದರು. ವಾಜಿದ್ ಕಾವಲಿಗೆ ನಿಂತ. ಮೊಹಮ್ಮದ್ ಸ್ಟಿಯರಿಂಗ್ ಹಿಡಿದ, ನಾನು ಮುಂದೆ ಕೂತೆ. ಹಿಂದೆ ಮಲಗಲು ಜಾಗವಿರಲಿಲ್ಲ. ಆಪಾ ಮೂಲೆಗೆ ಒರಗಿ ಕೂತು ಸೊಣ್ಣಮ್ಮನನ್ನು ಎದೆಗೆ ಆನಿಸಿಕೊಂಡಳು, ಎರಡೂ ಕೈ ಅವಳ ಹೊಟ್ಟೆಯ ಮೇಲೆ. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳ ಕೈಗೆ ಗೇರಿನ ಕೆಲಸವಿರಲಿಲ್ಲ. "ಉಸಿರು ಬಿಡು, ನಿಧಾನ, ನಾನಿದ್ದೀನಿ" ಎನ್ನುತ್ತಲೇ ಇದ್ದಳು. ಮೊಹಮ್ಮದ್ ಹೆಬ್ಬಾಳದ ಏರಿಯನ್ನು ದಾಟಿದ್ದು ನನಗೆ ಗೊತ್ತೇ ಆಗಲಿಲ್ಲ. ಎರಡು ಬಸ್ಸಿನ ನಡುವೆ ಆ ಪುಟ್ಟ ಕಾರು ನುಸುಳಿದಾಗ ನಾನು ಕಣ್ಣು ಮುಚ್ಚಿ ದುವಾ ಮಾಡುತ್ತಿದ್ದೆ.

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗು ತೆಗೆದರು. ಹೆಣ್ಣು. ಇನ್ನೊಂದು ಕಾಲು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದಾಗ ನಾನು ಗೋಡೆ ಹಿಡಿದುಕೊಂಡು ಅತ್ತೆ, ಆಮೇಲೆ ನಕ್ಕೆ. ಆಪಾ ಕಾರಿಡಾರಿನ ಬೆಂಚಿನ ಮೇಲೆ ಕೂತು, "ಆ ಕಾಗದ ಗೂಡಲ್ಲೇ ಇದೆಯಲ್ವಾ?" ಎಂದಳು.

"ಇದೆ."

"ನಾಳೆ ರಜೆ ಹಾಕು. ಬ್ಯಾಂಕಿಗೆ ಹೋಗೋಣ. ಡ್ರೈವಿಂಗ್ ನೀನೇ ಕಲೀಬೇಕು. ನಾನಿನ್ನು ಹಿಂದೆ ಕೂರೋಳು."

ಸಂಜೆ ವಾಪಸ್ಸು ಬಂದಾಗ ವಾಜಿದ್ ಚೀಟಿ ತೋರಿಸಲು ನಾಚುತ್ತಿದ್ದ. ನಾನೇ ಕಿತ್ತುಕೊಂಡು ನೋಡಿದೆ: ಒಂದು ಲೀಟರಿಗೆ ಏಳು ಕಿಲೋಮೀಟರ್. ಮೊಹಮ್ಮದ್ ತನ್ನದು ಹದಿನೆಂಟು ಎಂದು ದಾರಿಯುದ್ದಕ್ಕೂ ಹೇಳಿಕೊಂಡಿದ್ದ. ಅದನ್ನು ನಾನು ವಾಜಿದ್‌ಗೆ ಹೇಳಲಿಲ್ಲ. ನನಗೂ ಸ್ವಲ್ಪ ಕರುಣೆ ಇದೆ.

ಹಸಿರು ಕಾರು ಲಕ್ಕಣ್ಣನ ಅಂಗಳ ಸೇರಿತು. ನಮ್ಮ ಅಂಗಳಕ್ಕೆ ಬಿಳಿ ಮಾರುತಿ ಬಂತು. ಅದು ಬರುವ ಹೊತ್ತಿಗೆ, ಎರಡು ತಿಂಗಳಲ್ಲಿ, ನಾನು ಓಡಿಸಲು ಕಲಿತಿದ್ದೆ. ವೈಪರ್ ಮತ್ತು ಇಂಡಿಕೇಟರ್ ಮಾತ್ರ ಇನ್ನೂ ಅದಲುಬದಲಾಗುತ್ತಿದ್ದವು. ಆದರೆ ಹಳ್ಳಿಗಳಿಂದ ಯಾರೂ ಬರಲಿಲ್ಲ. ಒಂದು ವಾರ, ಎರಡು ವಾರ. ಆಪಾ ದಿನಾ ಬೆಳಿಗ್ಗೆ ಚೀಲ ತೆಗೆದು, ಕತ್ತರಿ ಕುದಿಸಿ, ಮತ್ತೆ ಒಳಗಿಡುತ್ತಿದ್ದಳು. ನಾನು ಕಾರು ಒರೆಸುತ್ತ ಮನಸ್ಸಿನಲ್ಲೇ ಮೂರು ಊರಿಗೂ ಬೈಯುತ್ತಿದ್ದೆ.

ಮೂರನೆಯ ವಾರ ಒಂದು ಬಿಸಿಲುಹೊತ್ತಿನಲ್ಲಿ ಗೇಟು ಸದ್ದಾಯಿತು. ದೊಡ್ಡಮುನಿಯಮ್ಮ. ಅಲ್ಲಾಳಸಂದ್ರದಿಂದ ನಡೆದೇ ಬಂದಿದ್ದರು, ಸೆರಗೆಲ್ಲ ಬೆವರು. ಬಿಳಿ ಕಾರಿನ ಕಡೆ ಕಣ್ಣೂ ಹಾಯಿಸಲಿಲ್ಲ.

"ನಿಮ್ಮಕ್ಕ ಅವ್ಳಾ?"

"ಇದ್ದಾಳೆ ಅಮ್ಮ. ಏನಾಯ್ತು?"

"ನಮ್ಮ ಎದುರುಮನೆ ಉಡ್ಗಿಗೆ ನೋವು ಬಂದದೆ. ಜೈನಾಬಮ್ಮನ್ನ ಕರ್ಕೊಂಡು ಬಾ ಅಂತ ಅಳ್ತಾವ್ಳೆ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಕೈಗುಣದ ಗಾಡಿ ನಿಮ್ಮ ಅಂಗಳದಲ್ಲೇ ಇದೆಯಲ್ಲಮ್ಮ, ಅದ್ರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬಹುದಿತ್ತು" ಎಂದುಬಿಟ್ಟೆ.

ಮುದುಕಿ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದರು. "ಅದ್ರಾಗೆ ನಿಮ್ಮಕ್ಕ ಇಲ್ವಲ್ಲ" ಎಂದರು.

ಬಾಗಿಲಲ್ಲಿ ನಿಂತಿದ್ದ ಆಪಾ ಅದನ್ನು ಕೇಳಿಸಿಕೊಂಡಳು. ಚೀಲ ತರುತ್ತೇನೆಂದು ಒಳಗೆ ಹೋದವಳು ಬೇಗ ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿತ್ತು, ಮುಖ ಆಗತಾನೇ ತೊಳೆದಂತಿತ್ತು. ದೊಡ್ಡಮುನಿಯಮ್ಮನನ್ನು ಮುಂದೆ ಕೂರಿಸಿ, ತಾನು ಹಿಂದಿನ ಸೀಟಿನ ಮೂಲೆಯಲ್ಲಿ ಕೂತಳು. ನಾನು ಇಂಡಿಕೇಟರ್ ಹಾಕಲು ಹೋಗಿ ಒಣ ಗಾಜಿನ ಮೇಲೆ ವೈಪರ್ ಓಡಿಸಿದೆ. ಯಾರೂ ನಗಲಿಲ್ಲ, ಗಾಡಿ ಅಲ್ಲಾಳಸಂದ್ರದ ಕಡೆ ಹೊರಟಿತು.