ಕೆಳಗಿನ ಸ್ವರದ ಹಾಡುಗಳು

ಸ್ವಾತಂತ್ರ್ಯ ಬರುವುದಕ್ಕೆ ಎರಡು ಮೂರು ವರ್ಷ ಮುಂಚೆ ನನ್ನ ಗಂಡನಿಗೆ ಕಿವಿ ಮಂದವಾಯಿತು. ಉದ್ದನಪಲ್ಲಿಯಲ್ಲಿ ನಮಗಿದ್ದದ್ದು ಒಂದು ರಾಗಿ ಹೊಲ. ಆದರೆ ಸುತ್ತಲ ಊರುಗಳವರು ಅವರನ್ನು ಗುರುತಿಸುತ್ತಿದ್ದದ್ದು ಭಜನೆ ಹಾಡು ಕಟ್ಟುವವರೆಂದು. ಕನ್ನಡದಲ್ಲೂ ಕಟ್ಟುತ್ತಿದ್ದರು, ತೆಲುಗಿನಲ್ಲೂ ಕಟ್ಟುತ್ತಿದ್ದರು. ಅವರ ಹಾಡೆಂದರೆ ಎತ್ತರಕ್ಕೆ ಏರಿ, ಏರಿದಲ್ಲೇ ಒಂದು ಗಳಿಗೆ ನಿಲ್ಲಬೇಕು. ಅದಕ್ಕೇ ಅವರಿಗೆ ಹೆಸರು.

ಮೊದಲು ಕೇಳಿಸದೆ ಹೋದದ್ದು ಸಣ್ಣ ದನಿಗಳು. ಗುಬ್ಬಿಗಳದ್ದು, ನನ್ನ ಬಳೆಗಳದ್ದು, ಹಾರ್ಮೋನಿಯಂನ ಬಲತುದಿಯ ಎತ್ತರದ ಸ್ವರಗಳು. "ಯಾರ್ಗೂ ಹೇಳ್ಬ್ಯಾಡ" ಅಂದರು. ನಾನು ಹೇಳಲಿಲ್ಲ. ಮನೆಗೆ ಬಂದವರು ಏನಾದರೂ ಅಂದರೆ, ನನಗೇ ಕೇಳಿಸಲಿಲ್ಲವೆಂಬಂತೆ ಅದನ್ನೇ ಗಂಡನಿಗೆ ಕೇಳಿಸುವಷ್ಟು ಜೋರಾಗಿ ತಿರುಗಿ ಕೇಳುತ್ತಿದ್ದೆ. ಊರವರ ಪಾಲಿಗೆ ಕಿವುಡಿಯಾದವಳು ನಾನು.

ಆ ವರ್ಷ ಕಟ್ಟಿದ ಹಾಡುಗಳೆಲ್ಲ ಕೆಳಗಿನ ಸ್ವರಗಳಲ್ಲೇ ಓಡಾಡಿದವು. ತಮಗೆ ಕೇಳಿಸುವಷ್ಟರಲ್ಲೇ ಅವರು ಕಟ್ಟುತ್ತಿದ್ದರು. ಭಜನೆಯವರು ಮಾತ್ರ ಎಷ್ಟು ಗಂಭೀರವಾಗಿವೆ ಎಂದು ತಲೆದೂಗಿದರು.

ಒಂದು ಸಂಜೆ ಅಭ್ಯಾಸದಲ್ಲಿ ಹಾರ್ಮೋನಿಯಂನವರು ಶ್ರುತಿ ಏರಿಸಿದರು. ಉಳಿದವರೆಲ್ಲ ಅದರ ಜೊತೆ ಏರಿದರು. ನನ್ನ ಗಂಡ ಕಣ್ಣು ಮುಚ್ಚಿಕೊಂಡು ಹಳೆಯ ಶ್ರುತಿಯಲ್ಲೇ ಹಾಡುತ್ತಿದ್ದರು. ಒಬ್ಬೊಬ್ಬರೇ ಹಾಡು ನಿಲ್ಲಿಸಿದರು. ಅವರು ಕಣ್ಣು ಬಿಟ್ಟಾಗ ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಅಲ್ಲಿಂದ ಅವೇ ಹಾಡುಗಳು ಕಿವುಡನ ಹಾಡುಗಳಾದವು. ಗಂಭೀರ ಅನಿಸಿದ್ದು ಈಗ ಕೇಳಿಸದೆ ಮಾಡಿದ ತಪ್ಪಾಯಿತು. ಭಜನೆಯಲ್ಲಿ ಹಳೆಯವನ್ನಷ್ಟೇ ಹಾಡಿದರು. ನನ್ನ ಗಂಡನದು ಹೊಲಕ್ಕೆ ಹೋಗುವುದು, ಬಂದು ಮಲಗುವುದು, ಇಷ್ಟೇ ಆಯಿತು.

ರಾಗಿ ಕಳೆ ಕೀಳುವ ಕಾಲಕ್ಕೆ ಒಬ್ಬರ ಹೊಲಕ್ಕೆ ಒಬ್ಬರು ದುಡಿಯುವ ಮುಯ್ಯಾಳಾಗಿ ಬಂದ ಹೆಂಗಸರು ನಾನು ಗುನುಗುತ್ತಿದ್ದ ಆ ಕೆಳಸ್ವರದ ಒಂದು ಹೊಸ ಹಾಡನ್ನು ಹಿಡಿದುಕೊಂಡರು. ಬಗ್ಗಿ ಕೆಲಸ ಮಾಡುವಾಗ ಎತ್ತರದ ಹಾಡಿಗೆ ಉಸಿರು ಸಾಲದು. ಇದಕ್ಕೆ ಸಾಲುತ್ತಿತ್ತು. ಹೊಲದಿಂದ ಹೊಲಕ್ಕೆ ಹಬ್ಬಿ ಅದು ಸಾನಮಾವು ಊರಿನ ಕಡೆಗೂ ಹೋಯಿತು.

ಒಂದು ಬೆಳಿಗ್ಗೆ ಭಜನೆ ಗುಂಪಿನ ಹಿರಿಯರು ನಮ್ಮ ಜಗಲಿಗೆ ಬಂದು ಕೂತರು. "ನಮ್ಮನೆ ಹೆಂಗಸ್ರೆಲ್ಲ ನಿನ್ ಹಾಡೇ ಹಾಡ್ತವ್ರೆ ಕಣಪ್ಪ. ನಂಗೂ ವಯಸ್ಸಾತು, ಗಂಟ್ಲು ಮೇಲಕ್ಕೋಗಕಿಲ್ಲ. ಆ ಹಾಡ್ಗುಳ್ನೇ ಹೇಳ್ಕೊಡು" ಎಂದರು.

ನನ್ನ ಗಂಡ ನನ್ನ ಮುಖ ನೋಡಿದರು. ಅಭ್ಯಾಸದಂತೆ ನಾನು ತಿರುಗಿ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ, "ನಂಗೆ ಕೇಳ್ಸಕಿಲ್ಲ ಕಣಣ್ಣ, ಜೋರಾಗೇಳು" ಎಂದರು.

ಹಿರಿಯರು ಹತ್ತಿರ ಸರಿದು ಬೀದಿಗೆಲ್ಲ ಕೇಳಿಸುವಂತೆ ಕೂಗಿ ಹೇಳಿದರು. ಊರಿಗೆ ಗೊತ್ತಾದರೂ ನಾವು ಬಾಯಿಬಿಟ್ಟು ಒಪ್ಪದೆ ವರ್ಷದಿಂದ ಹೊತ್ತ ಸುಳ್ಳು ಇಳಿದು ನನ್ನ ಮೈ ಹಗುರಾಯಿತು. ಒಳಗೆ ಹೋಗಿ ಒಲೆ ಮೇಲೆ ಮುದ್ದೆಗೆ ಎಸರಿಟ್ಟೆ.

ಹೊಸ ಹಾಡುಗಳೆಲ್ಲ ಚೆಂದವೆಂದು ನಾನು ಹೇಳಲಾರೆ. ಒಂದೆರಡು ಗೂಟಕ್ಕೆ ಕಟ್ಟಿದ ಎತ್ತಿನಂತೆ ಒಂದೇ ಕಡೆ ಸುತ್ತುತ್ತವೆ. ಹಿರಿಯರು ಹೋದ ಮೇಲೆ ಅದನ್ನೂ ಗಂಡನ ಕಿವಿಗೆ ಬಾಯಿಟ್ಟು ಹೇಳಿದೆ. ಅವರು ನಕ್ಕರು. "ಹಂಗಾರೆ ಮೇಲಿನ್ ಸ್ವರ ನೀನೇ ನೋಡ್ಕೊ" ಎಂದರು. ಆ ಮಧ್ಯಾಹ್ನ ಮುದ್ದೆ ಉಣ್ಣುತ್ತಲೇ ಇಬ್ಬರೂ ಸೇರಿ ಒಂದು ಸಾಲು ಕಟ್ಟಿದೆವು.