ಏಳು ಹತ್ತಕ್ಕೆ ಎಂದವನು

ಮಗಳು ತನ್ನ ಫೋನನ್ನು ನನ್ನ ಕಾಫಿ ಲೋಟದ ಪಕ್ಕ ಇಟ್ಟಳು. ಪರದೆಯ ಮೇಲೆ ಗಾಲಿಕುರ್ಚಿಯಲ್ಲಿ ಉಣ್ಣೆ ಟೋಪಿಯ ಒಬ್ಬ ಮುದುಕ. ಯುರೋಪಿನ ಯಾವುದೋ ಊರಿನಲ್ಲಿ ಹೆಸರು ಬದಲಿಸಿಕೊಂಡು ಇದ್ದನಂತೆ. ಈಗ ಅವನ ಮೇಲೆ ಯುದ್ಧಾಪರಾಧದ ಮೊಕದ್ದಮೆ. ಯುದ್ಧದ ಹೊತ್ತಿಗೆ ಕುವೈತಿನಲ್ಲಿದ್ದವರನ್ನು ಹುಡುಕುತ್ತ, ಗುರುತಿದೆಯೇ ಎಂದು ಅಲ್ಲಿಯ ವಕೀಲೆ ಕೇಳಿ ಕಳಿಸಿದ್ದರು. ಗುರುತಿತ್ತು. ಕಾಫಿ ಆರಿತು. ನಮ್ಮ ಮನೆಯಲ್ಲಿ ನನ್ನ ಕಾಫಿ ಆರುವುದು ಸಣ್ಣ ಸಂಗತಿಯಲ್ಲ.

ಗಂಟೆ ಹೊಡೆದಂತೆ ಬದುಕಿದವನು ನಾನು. ಸಾವಿರದ ಒಂಬೈನೂರ ತೊಂಬತ್ತರಲ್ಲಿ ಕುವೈತಿನ ಖೈತಾನ್‌ನಲ್ಲಿ ಒಂದು ಔಷಧಿ ಅಂಗಡಿ ನೋಡಿಕೊಳ್ಳುತ್ತಿದ್ದೆ. ಆಗಸ್ಟಿನಲ್ಲಿ ಇರಾಕಿ ಸೈನ್ಯ ನುಗ್ಗಿದಾಗ ಹೆಂಡತಿ, ಮಗಳು ರಜೆಗೆ ಮೈಸೂರಿಗೆ ಬಂದಿದ್ದರು. ಊರೆಲ್ಲ ಓಡುತ್ತಿದ್ದರೆ ನಾನು ಅಂಗಿಗೆ ಇಸ್ತ್ರಿ ಹಾಕಿಕೊಂಡು ಏಳಕ್ಕೆ ಬಾಗಿಲು ತೆರೆಯುತ್ತಿದ್ದೆ. ಧೈರ್ಯವೆಂದು ತಿಳಿಯಬೇಡಿ, ಬೇರೇನು ಮಾಡಬೇಕೆಂದು ಗೊತ್ತಿರಲಿಲ್ಲ.

ಕುವೈತಿನವನೇ ಆದ ಗೆಳೆಯ ಯೂಸುಫ್, ಸೈನ್ಯಕ್ಕೆ ಹೆದರಿ ಅಡಗಿ ಕುಳಿತವರಿಗೆಂದು ದಿನವೂ ನನ್ನ ಅಂಗಡಿಯಿಂದ ಇನ್ಸುಲಿನ್ ಒಯ್ಯುತ್ತಿದ್ದ. ಹೊತ್ತು ಗೊತ್ತುಮಾಡಿದ್ದು ನಾನೇ. ತಡವಾದರೆ ಗದರುತ್ತಿದ್ದೆ.

"ಭಾಯಿ, ಟ್ಯಾಂಕ್ ದಾಟಿ ಬರ್ತೀನಿ, ಸ್ವಲ್ಪ ದಯೆ ತೋರ್ಸು," ಎಂದು ನಗುತ್ತಿದ್ದ.

ಒಂದು ಬೆಳಿಗ್ಗೆ ರಸ್ತೆ ತಪಾಸಣೆಯಲ್ಲಿ ಫೋನಿನಲ್ಲಿದ್ದ ಈ ಮನುಷ್ಯನೇ, ಆಗ ಕಪ್ಪು ಮೀಸೆಯ ಇರಾಕಿ ಅಧಿಕಾರಿ, ನನ್ನ ವಾಸದ ಪರವಾನಗಿ ಇಕಾಮಾ ನೋಡಿ ಮರಳಿಸುತ್ತ, ಬಸ್ಸಿನ ವೇಳೆ ಕೇಳುವವನಂತೆ ಕೇಳಿದ: "ನಿನ್ನ ಗೆಳೆಯ ಎಷ್ಟು ಹೊತ್ತಿಗೆ ಬರ್ತಾನೆ?"

"ಏಳು ಹತ್ತಕ್ಕೆ."

ಸುಮಾರು ಎಂದು ಕೂಡ ಸೇರಿಸಲಿಲ್ಲ. ಹೇಳಿಯಾದ ಮೇಲೆಯೇ ಏನು ಹೇಳಿದೆನೆಂದು ತಿಳಿದದ್ದು. ಯೂಸುಫನ ಮನೆ ನನಗೆ ಗೊತ್ತಿರಲಿಲ್ಲ. ಮರುದಿನ ಬಾಗಿಲು ಮುಚ್ಚಿಯೇ ಇಟ್ಟಿದ್ದರೆ ಅವನು ದೂರದಿಂದಲೇ ಹಿಂದಿರುಗುತ್ತಿದ್ದನೇನೋ. ಏಳಾಯಿತು, ತೆರೆದೆ. ಬೀದಿಯ ತಿರುವಿನಲ್ಲಿ ಜೀಪು ನಿಂತಿತ್ತು. ಅವನು ಅಂದು ತಡಮಾಡಲಿಲ್ಲ. ಮತ್ತೆ ಅವನನ್ನು ಯಾರೂ ನೋಡಲಿಲ್ಲ.

"ಆ ಮುದುಕನಿಗೆ ಎಂಬತ್ತು ದಾಟಿದೆ ಕಣ್ರೀ, ನಿಮಗೂ ಬಿಪಿ. ಗುರುತಿಲ್ಲ ಅಂದ್ಬಿಡಿ," ಎಂದಳು ಹೆಂಡತಿ. ನಡೆದದ್ದನ್ನು ನಾನು ಹೇಳಿದ್ದು ಅವಳೊಬ್ಬಳಿಗೆ.

ಅವನಿಗೆ ಶಿಕ್ಷೆಯಾಗುವುದೋ ಇಲ್ಲವೋ ಎಂಬುದಲ್ಲ ನನ್ನ ಭಯ. ಅವನಿಗೂ ನನ್ನ ಗುರುತಿದ್ದರೆ? ನ್ಯಾಯಾಲಯದಲ್ಲಿ ಕೈ ಎತ್ತಿ ನನ್ನನ್ನು ತೋರಿಸಿದರೆ? ಮೂರು ದಿನ ಇದೇ ಯೋಚನೆ.

ನಾಲ್ಕನೆಯ ದಿನ ವಕೀಲೆಯೇ ಕರೆ ಮಾಡಿದರು. "ನೀವು ಕಂಡದ್ದನ್ನು ಹೇಳಿ."

"ಮೊದಲು ನಾನು ಹೇಳಿದ್ದನ್ನು ಬರೆದುಕೊಳ್ಳಿ," ಎಂದೆ.

ಮುಗಿಸುವ ಹೊತ್ತಿಗೆ ಆ ಕಡೆ ಟೈಪ್ ಮಾಡುವ ಸದ್ದು ನಿಂತಿತ್ತು. ಮಗಳು ನನ್ನನ್ನೇ ನೋಡುತ್ತಿದ್ದಳು.

"ಇದನ್ನು ಯೂಸುಫನ ತಂಗಿಯೂ ಓದುತ್ತಾರೆ. ಸೇರಿಸಬೇಕೇ?" ಎಂದು ಫೋನಿನ ಸ್ಪೀಕರಿನಲ್ಲಿ ವಕೀಲೆ ಕೇಳಿದರು.

ಹೆಂಡತಿ ಬೇಡವೆಂದು ಕೈಯಾಡಿಸಿದಳು. ನಾನು ಫೋನನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಸೇರಿಸಿ," ಎಂದೆ. "ನನ್ನ ಹೆಸರು ಪೂರ್ತಿ ಇರಲಿ."