ಮಳೆ ಹಿಡಿಯುವ ಮೊದಲು ಬರಬೇಕಿದ್ದ ಫೋನು

ಆಗ ಕಾಪುವಿನ ನಮ್ಮ ಓಣಿಯಲ್ಲಿ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಮೊಬೈಲು ಪೇಟೆಗೆ ಬಂದಿದ್ದರೂ ನಮ್ಮಂಥವರ ಕೈಗೆ ಇನ್ನೂ ಬಂದಿರಲಿಲ್ಲ. ಅಕ್ಕಪಕ್ಕದವರೆಲ್ಲ ನಮ್ಮ ನಂಬರನ್ನೇ ಪಿ.ಪಿ. ನಂಬರ್ ಎಂದು ನೆಂಟರಿಷ್ಟರಿಗೆ ಹಂಚಿದ್ದರು. ಯಾರಿಗಾದರೂ ಫೋನ್ ಬಂದರೆ ಅಪ್ಪ ಜಗಲಿಗೆ ಹೋಗಿ ಕೂಗಬೇಕು, ಅವರು ಕೈ ಒರೆಸಿಕೊಳ್ಳುತ್ತ ಓಡಿ ಬರಬೇಕು. ಅಪ್ಪ ನಿವೃತ್ತ ಮಾಸ್ಟ್ರು. ಶಾಲೆ ಬಿಟ್ಟ ಮೇಲೆ ಕೆಲಸವಿಲ್ಲದೆ ಕೂತಿದ್ದ ಅವರ ಗಂಟಲಿಗೆ ಇದು ಹೊಸ ನೌಕರಿ.

ಪಕ್ಕದ ಬಾಡಿಗೆ ಮನೆಯವಳು ಕಾರ್ಕಳದ ಕಡೆಯವಳು. ಮನೆಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಗಂಡ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ. ಬೋಟು ಕಡಲಿಗೆ ಹೋದರೆ ವಾರವಿಡೀ ಬರುತ್ತಿರಲಿಲ್ಲ. ಆ ವಾರ ಅವಳ ಮನೆಯಿಂದ ಮಗಳ ನಗು ಕೇಳುತ್ತಿತ್ತು. ಅವನು ಬಂದ ವಾರ ಏನೂ ಕೇಳುತ್ತಿರಲಿಲ್ಲ. ಒಮ್ಮೆ ಬಾವಿಕಟ್ಟೆಯಲ್ಲಿ ಅವಳ ರವಿಕೆಯ ತೋಳು ಮೇಲೆ ಸರಿದಾಗ ನನಗೆ ಕಂಡದ್ದನ್ನು ಬರೆಯಲು ಈಗಲೂ ಮನಸ್ಸಿಲ್ಲ. ತೋಳನ್ನು ಕೆಳಗೆಳೆದುಕೊಂಡು ಅವಳು ನೀರು ಸೇದಿದಳು.

ಆ ಬೇಸಿಗೆಯಲ್ಲಿ ಮಣಿಪಾಲದ ಮಹಿಳಾ ಸಹಾಯವಾಣಿ ಕಚೇರಿಯಿಂದ ಒಬ್ಬ ಹುಡುಗಿ ಬಂದು ಎಲೆ ಕೊಟ್ಟು ಕಟ್ಟಿದ ಬೀಡಿ ಪಡೆಯುವ ಬ್ರಾಂಚಿನ ಎದುರು ಹೆಂಗಸರನ್ನು ಸೇರಿಸಿ ಭಾಷಣ ಮಾಡಿದಳು. ಗಂಡು ಹೆಣ್ಣು ಸಮಾನ, ಕಷ್ಟದಲ್ಲಿರುವ ಹೆಣ್ಣಿನ ಬೆನ್ನಿಗೆ ಸರಕಾರ ನಿಲ್ಲುತ್ತದೆ, ಇರಲು ಜಾಗ ಕೊಡುತ್ತದೆ, ವಕೀಲರನ್ನು ಕೊಡುತ್ತದೆ ಎಂದಳು. ಘಟ್ಟದ ಮೇಲಿನವಳು, ತಾನು ಹೇಳಿದ್ದನ್ನು ತಾನೇ ನಂಬಿದವಳು. ಎಲ್ಲರೂ ತಲೆಯಾಡಿಸಿ ಎದ್ದು ಹೋದರು. ಪಕ್ಕದ ಮನೆಯವಳು ಮಾತ್ರ ಉಳಿದು ಅವಳ ಹತ್ತಿರ ಗುಟ್ಟಾಗಿ ಮಾತಾಡಿದಳು. ಮಗಳ ಜೊತೆ ಇರಲು ಜಾಗವಾದ ಕೂಡಲೇ ಫೋನ್ ಮಾಡುತ್ತೇವೆ, ಹೊರಟು ಬನ್ನಿ ಎಂದಿತಂತೆ ಸರಕಾರ.

ಅವಳು ಕೊಟ್ಟದ್ದು ನಮ್ಮ ನಂಬರು. ತವರಿನಿಂದ ಫೋನ್ ಬರಲಿಕ್ಕುಂಟು ಎಂದು ಅಪ್ಪನಿಗೆ ಹೇಳಿದಳು. ನಿಜ ಹೇಳಿದ್ದು ನನಗೊಬ್ಬಳಿಗೆ.

"ಮಳೆ ಹಿಡಿಯುವ ಮೊದಲು ಮಾಡಿ ಎಂದಿದ್ದೇನೆ ಅಕ್ಕ. ಆಮೇಲೆ ಬೋಟು ಮೇಲೆ ಬರ್ತದೆ, ಅವರು ಮನೆಯಲ್ಲೇ ಇರ್ತಾರೆ. ಆಮೇಲೆ ಬೇಡ."

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಕಡಲು ನಿಷೇಧ. ಗಂಡಸರೆಲ್ಲ ದಡದಲ್ಲಿ. ಬರೆದುಕೊಂಡ ಹುಡುಗಿಗೆ ಮಳೆ ಎಂದರೆ ಬರೀ ಮಳೆಯಾಗಿತ್ತೋ ಏನೋ.

ಮೇ ತಿಂಗಳಿಡೀ ಅವಳ ಕಿವಿ ನಮ್ಮ ಮನೆಯ ಕಡೆಗೇ ಇತ್ತು. ಫೋನ್ ಬರಲಿಲ್ಲ. ಮಳೆ ಹಿಡಿಯಿತು, ಬೋಟುಗಳು ಮೇಲೆ ಬಂದವು, ಅವನು ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಬಂದ. ಇನ್ನು ಆ ಫೋನು ಬಾರದಿರಲಿ ಎಂದು ನಾನು ಕೂಡ ಬೇಡಿಕೊಳ್ಳತೊಡಗಿದೆ.

ಫೋನ್ ಬಂದ ದಿನ ಜೋರು ಮಳೆಗೆ ಶಾಲೆಗಳಿಗೆ ರಜೆ ಕೊಟ್ಟಿದ್ದರು. ಟೀಚರಾಗಿದ್ದ ನಾನೂ ಮನೆಯಲ್ಲಿದ್ದೆ, ಹಿತ್ತಿಲ ಸೂರಿನಡಿ ಬಟ್ಟೆ ಹರವುತ್ತಿದ್ದೆ. ಅವಳು ಬ್ರಾಂಚಿಗೆ ಬೀಡಿ ಕೊಡಲು ಹೋಗಿದ್ದಳು. ನಾನು ಒಳಗೆ ಬರುವಷ್ಟರಲ್ಲಿ ಅಪ್ಪ ಜಗಲಿಯಲ್ಲಿ ನಿಂತು ಕೂಗಿಯಾಗಿತ್ತು.

"ನಿನ್ನ ಹೆಂಡತಿಗೆ ಫೋನ್ ಉಂಟು ಮಾರಾಯ. ಅವಳಿಲ್ಲದಿದ್ದರೆ ನೀನೇ ಬಾ."

ಅವನು ಬಲೆ ಹೆಣೆಯುತ್ತಿದ್ದವನು ಎದ್ದು ಬಂದ. ಕಾಲು ಒರೆಸಿಯೇ ಒಳಗೆ ಬಂದ, ಅಷ್ಟು ಮರ್ಯಾದಸ್ಥ. ನಮ್ಮ ಫೋನಿನ ಸದ್ದು ಅರ್ಧ ಮನೆಗೆ ಕೇಳುತ್ತಿತ್ತು. ಫೋನ್ ಹಿಡಿದವರು ಯಾರೆಂದು ವಿಚಾರಿಸುವ ಮೊದಲೇ ಆಚೆಯಿಂದ ಆ ಹುಡುಗಿಯ ದನಿ ಮಹಿಳಾ ಸಹಾಯವಾಣಿಯಿಂದ ಎಂದು ಪರಿಚಯ ಹೇಳಿಕೊಂಡಿತು. ಅಲ್ಲಿನ ನಿಯಮವೇ ಹಾಗಂತೆ. ಜಾಗ ಆಗಿದೆ ಎಂದೂ ಹೇಳಿತು. ಅವನು ಎಲ್ಲವನ್ನೂ ಸಾವಧಾನವಾಗಿ ಕೇಳಿದ.

"ಅವಳಿಗೆ ಎಂತ ತೊಂದರೆಯೂ ಇಲ್ಲ ಮೇಡಂ. ನಾನಿದ್ದೇನಲ್ಲ."

ರಿಸೀವರನ್ನು ಮೆಲ್ಲಗೆ ಇಟ್ಟ. ಅಪ್ಪ ಕೊಡಿಸಿದ ಚಹಾವನ್ನು ಕೂತು ಕುಡಿದ. ಉಪಕಾರವಾಯಿತು ಎಂದು ಹೇಳಿ ಹೋದ. ಜಗಲಿಯಲ್ಲೇ ನಿಂತಿದ್ದ ಅಪ್ಪನಿಗೆ ಫೋನಿನ ಮಾತು ಕೇಳಿರಲಿಲ್ಲ, ಏನೂ ತಿಳಿಯಲಿಲ್ಲ.

ಕೊಡೆ ಹಿಡಿದು ಓಡಿ ಅವಳನ್ನು ತಿರುವಿನಲ್ಲೇ ತಡೆದು ನಿಲ್ಲಿಸಿ ಎಲ್ಲ ಹೇಳಿದೆ. ಹೀಗೇ ಬಸ್ಸು ಹತ್ತು, ಮಣಿಪಾಲಕ್ಕೆ ಹೋಗು ಎಂದೆ. ಅವಳು ಅಳಲಿಲ್ಲ.

"ಮಗಳು ಒಳಗೆ ಮಲಗಿದ್ದಾಳೆ. ಬಾಗಿಲು ಹಾಕಿದ್ದಾರಾ ಅಕ್ಕ?"

ಇಲ್ಲ, ತೆರೆದಿಟ್ಟು ನಿನ್ನ ದಾರಿ ನೋಡುತ್ತ ಕೂತಿದ್ದಾನೆ ಎಂದೆ. ಆಗ ಅವಳ ಮುಖ ಬಿಳಿಚಿಕೊಂಡಿತು. ಬೀಡಿ ಎಲೆಯ ಚೀಲವನ್ನು ನನ್ನ ಕೈಗೆ ಕೊಟ್ಟು, ಒದ್ದೆಯಾದರೆ ಹಾಳಾಗುತ್ತದೆ, ನಿಮ್ಮಲ್ಲಿರಲಿ ಎಂದು ಮನೆಯ ಕಡೆ ನಡೆದಳು. ಹಿಂದೆಯೇ ಹೋದ ನನ್ನ ಮುಖಕ್ಕೆ ಆ ಬಾಗಿಲು ಮುಚ್ಚಿತು. ಒಳಗಿನಿಂದ ಒಂದು ಸದ್ದೂ ಬರಲಿಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ಗಂಡನೇ ತೊಂದರೆಯಿಲ್ಲ ಎಂದಿದ್ದಾರೆ, ಆಕೆಯೇ ಮಾತಾಡದೆ ಏನೂ ಮಾಡಲಾಗುವುದಿಲ್ಲ ಎಂದರು. ನಾನು ಬಾಯಿಗೆ ಬಂದಂತೆ ಬೈದೆ. ಅವರು ಬೈಸಿಕೊಂಡು ಫೋನ್ ಇಟ್ಟರು. ನಾನು ಕರೆದ ಪೊಲೀಸರೂ ಬಂದರು, ಬಾಗಿಲಲ್ಲಿ ನಿಂತು ಅವನ ಹತ್ತಿರವೇ ಮಾತಾಡಿ ಹೋದರು. ಮರುದಿನ ಬೆಳಿಗ್ಗೆ ಟೆಂಪೋ ಬಂತು. ಊರಿಗೆ ಹೋಗುತ್ತೇವೆ ಮಾಸ್ಟ್ರೇ ಎಂದು ಅವನು ಅಪ್ಪನಿಗೆ ಕೈ ಮುಗಿದ. ಯಾವ ಊರು ಎಂದು ಕೇಳಿದ್ದಕ್ಕೆ ನಕ್ಕ. ಅವಳು ತಲೆತುಂಬ ಸೆರಗು ಹೊದ್ದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ಆಮೇಲೆ ಅವರನ್ನು ಕಂಡವರಿಲ್ಲ. ಕಾರ್ಕಳದ ತವರಿಗೂ ಹೋಗಿ ಕೇಳಿದೆ, ಅವರಿಗೂ ಗೊತ್ತಿರಲಿಲ್ಲ.

ಆಗಸ್ಟ್ ಕಳೆದು ಬೋಟುಗಳು ಕಡಲಿಗಿಳಿದವು. ಒಂದು ದಿನ ಬೆಳಿಗ್ಗೆ, ಅಪ್ಪನ ಹೊರತು ಓಣಿಯಲ್ಲಿ ಒಬ್ಬ ಗಂಡಸೂ ಇಲ್ಲದ ಹೊತ್ತಿನಲ್ಲಿ, ಫೋನ್ ಬಂತು. ಮಣಿಪಾಲದ ಅದೇ ಹುಡುಗಿಯ ದನಿ. ಈ ಸಲ ಎಲ್ಲಿಂದ ಎಂದು ಹೇಳಲಿಲ್ಲ. ಪಕ್ಕದ ಮನೆಯವರನ್ನು ಕರೆಯುತ್ತೀರಾ, ಅವರೇ ಬರಬೇಕು, ಬೇರೆಯವರು ಬೇಡ ಎಂದಳು. ಕಲಿತಿದ್ದಳು.

ನಾನು ಉತ್ತರ ಕೊಡುವ ಮೊದಲೇ ಅಪ್ಪ ಅಭ್ಯಾಸಬಲದಿಂದ ಜಗಲಿಗೆ ಹೋಗಿ, ಬೀಗ ಹಾಕಿದ ಆ ಮನೆಯ ಕಡೆ ತಿರುಗಿ ಅವಳನ್ನು ಕೂಗಿದರು.